ಪ್ಯಾರಾಚೂಟಿನ ಕೆಳಗೆ ಬರೆದ ಕಪ್ಪು

ಆಗಸ್ಟ್ ತಿಂಗಳಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನ ಬಿಸಿಲು ರಾಯಚೂರಿನದು, ಸೆಕೆ ಮಂಗಳೂರಿನದು. ಮಗನ ಮನೆಯಿಂದ ಹೊರಟು ನಾವಿಬ್ಬರೂ ಬೆವರು ಒರೆಸಿಕೊಳ್ಳುತ್ತ ರಾತ್ಕೊ ಚಾಪೆಲ್ ಎಂಬ ಪ್ರಾರ್ಥನಾಲಯದ ಮುಂದೆ ನಿಂತೆವು. ಕಿಟಕಿಯಿಲ್ಲದ ಇಟ್ಟಿಗೆ ಕಟ್ಟಡ. ಗೋದಾಮು ಎಂದರೂ ನಂಬಬಹುದು. ಎದುರಿನ ಕೊಳದಲ್ಲಿ ಕಲಾವಿದ ಬಾರ್ನೆಟ್ ನ್ಯೂಮನ್‌ನ ಮುರಿದ ಸ್ತಂಭ ತಲೆಕೆಳಗಾಗಿ ನಿಂತಿತ್ತು.

ಒಳಗೆ ಎಂಟು ಗೋಡೆ, 14 ಚಿತ್ರ, ನಾಲ್ಕಾರು ಬೆಂಚು. ಚಿತ್ರಗಳೆಲ್ಲ ಕಪ್ಪು. “ಇದನ್ನು ನೋಡಲು ಬಂದೆವೇ?” ಎಂದು ನನ್ನಾಕೆ ಪಿಸುಗುಟ್ಟಿ ಬೆಂಚಿನ ಮೇಲೆ ಕುಳಿತಳು. ಅವಳಿಗೆ ಬೇಕಾದದ್ದು ತಂಪು, ಅದಂತೂ ಸಿಕ್ಕಿತ್ತು.

ಇವನ್ನು ಬರೆದ ಚಿತ್ರಕಾರ ಮಾರ್ಕ್ ರಾತ್ಕೊ 1903ರಲ್ಲಿ ಹುಟ್ಟಿದ್ದು ಅಂದಿನ ರಷ್ಯಾ ಸಾಮ್ರಾಜ್ಯದ ದ್ವಿನ್ಸ್ಕ್‌ನಲ್ಲಿ; ಆ ಊರು ಈಗ ಲಾತ್ವಿಯಾದಲ್ಲಿದೆ. ಆಗ ಅವನು ಮಾರ್ಕಸ್ ರಾತ್ಕೊವಿಟ್ಸ್. ಹತ್ತನೆಯ ವಯಸ್ಸಿಗೆ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದ. ಬಂದ ಕೆಲವೇ ತಿಂಗಳಲ್ಲಿ ಔಷಧ ವ್ಯಾಪಾರಿಯಾಗಿದ್ದ ತಂದೆ ತೀರಿಕೊಂಡರು. ಹುಡುಗ ಪತ್ರಿಕೆ ಮಾರಿದ. ಯೇಲ್ ವಿಶ್ವವಿದ್ಯಾಲಯ ಸೇರಿದರೂ ಓದು ಮುಗಿಸಲಿಲ್ಲ. 1938ರಲ್ಲಿ ಪೌರತ್ವ ಪಡೆದ, ಎರಡು ವರ್ಷದ ಬಳಿಕ ಹೆಸರಿನ ಬಾಲ ಕತ್ತರಿಸಿದ.

ಅವನ ಹಟ ನನಗೆ ಇಷ್ಟ. 1958ರಲ್ಲಿ ನ್ಯೂಯಾರ್ಕಿನ ಒಂದು ದುಬಾರಿ ಹೋಟೆಲಿನ ಊಟದ ಕೋಣೆಗೆ ಚಿತ್ರ ಬರೆಯಲು ಒಪ್ಪಿಕೊಂಡಿದ್ದ. ಬರೆದೂ ಆಗಿತ್ತು. ಕೊನೆಗೆ ಮನಸ್ಸು ಒಪ್ಪದೆ ಹಣ ಹಿಂದಿರುಗಿಸಿದ.

ಹಾಗಿರುವಾಗ 1964ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಾಹಕರಾದ ಡಿ ಮೆನಿಲ್ ದಂಪತಿ ಅವನ ಚಿತ್ರಗಳಿಗಾಗಿಯೇ ಒಂದು ಪ್ರಾರ್ಥನಾಲಯ ಕಟ್ಟಿಸುತ್ತೇವೆ ಎಂದರೆ ಬಿಡುತ್ತಾನೆಯೇ? ನ್ಯೂಯಾರ್ಕಿನ ತನ್ನ ಕಾರ್ಯಾಗಾರದ ಗಾಜಿನ ಸೂರಿನ ಕೆಳಗೆ ಪ್ಯಾರಾಚೂಟ್ ಕಟ್ಟಿ, ಬೆಳಕನ್ನು ಸೋಸಿಕೊಂಡು ಇವನ್ನು ಬರೆದ. ಟೆಕ್ಸಾಸಿನ ಸೂರ್ಯ ಬೇರೆ ಜಾತಿಯವನು. 1971ರಲ್ಲಿ ಕಟ್ಟಡ ತೆರೆದ ಮೇಲೆ ಮೇಲಿನಿಂದ ಸುರಿಯುವ ಬಿಸಿಲನ್ನು ಪಳಗಿಸಲು ಪಟ್ಟ ಪಾಡು ಒಂದೆರಡಲ್ಲ. ಅಡ್ಡ ಮರೆ ಕಟ್ಟಿದರು, 2020ರ ದುರಸ್ತಿಯಲ್ಲಿ ಸೂರಿನ ಗಾಜನ್ನೇ ಬದಲಿಸಿದರು. ಇದಾವುದನ್ನೂ ಅವನು ನೋಡಲಿಲ್ಲ. 1970ರ ಫೆಬ್ರವರಿಯಲ್ಲೇ ತನ್ನ ಜೀವ ತಾನೇ ತೆಗೆದುಕೊಂಡಿದ್ದ.

ಕಾಲು ಗಂಟೆ ಕಳೆದಿರಬೇಕು. ನಮ್ಮ ಹಳೆಯ ಕರಿ ಕಂಬಳಿಯನ್ನು ಬಿಸಿಲಿಗೆ ಹರವಿದಾಗ ಒಳಗಿನ ಕಂದು ಹೊರಬರುತ್ತದಲ್ಲ, ಹಾಗೆ ಕಪ್ಪಿನೊಳಗಿಂದ ನೇರಳೆ ಕಾಣಿಸತೊಡಗಿತು. ಅಷ್ಟರಲ್ಲಿ ಮೋಡ ಕವಿದು ಮತ್ತೆ ಎಲ್ಲ ಮುಚ್ಚಿಹೋಯಿತು. ಹೊರಡೋಣವೆಂದು ನಾನು ಎದ್ದೆ.

“ಸ್ವಲ್ಪ ತಾಳಿ,” ಎಂದಳು ನನ್ನಾಕೆ, “ಮೋಡ ಹೋಗಲಿ.”