ಗುಜರಿಗೆ ಹಾಕಿದ ಹಾಯಿಕಂಬ

ನಾನು ಮುಂಬೈಯಲ್ಲಿ ಹಾಯಿದೋಣಿ ರಿಪೇರಿ ಮಾಡುತ್ತೇನೆ. ಕೊಲಾಬಾ ಕಡೆಯ ಒಂದು ಸೇಲಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ ಕೆಲಸ. ಊರು ಕುಂದಾಪುರದ ಹತ್ತಿರ. ನಮ್ಮ ಕಡೆಯವರು ಮುಂಬೈಗೆ ಬಂದರೆ ಹೋಟೆಲಿಗೇ ಬರೋದು ಅಂತ ಲೆಕ್ಕ. ನಾನೂ ಹಾಗೇ ಬಂದವನು. ಆರು ತಿಂಗಳು ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಲೋಟ ತೊಳೆದೆ. ಆಮೇಲೆ ದೋಣಿ ಕೆಲಸ ಸಿಕ್ಕಿತು, ಅಲ್ಲೇ ನಿಂತೆ.

ಹೋದ ಸೀಸನ್ನಿನಲ್ಲಿ ಒಂದು ದೋಣಿಗೆ ಹೊಸ ಕಂಬ ಹುಡುಕಿ ನಿಲ್ಲಿಸಬೇಕಾಯಿತು. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಎರಡೂವರೆ ತಿಂಗಳು ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ತಪ್ಪಿನಿಂದಲೇ.

ದೋಣಿ ಎಂಟರ್‌ಪ್ರೈಸ್ ಅಂತ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ಮಾಡಿದ ಡಿಸೈನ್. ಉದ್ದ 4.04 ಮೀಟರ್, ಇಬ್ಬರು ನಡೆಸುತ್ತಾರೆ. ನೀಲಿ ಹಾಯಿ ಇರುತ್ತದೆ, ಹಾಗಾಗಿ ದೂರದಿಂದಲೇ ಗುರುತು ಸಿಗುತ್ತದೆ. ಭಾರತದ ಕ್ಲಬ್ಬುಗಳಲ್ಲಿ ಎಷ್ಟೋ ಜನ ಇದರಲ್ಲೇ ಕಲಿತವರು. ನಮ್ಮದಕ್ಕೆ ಅಲ್ಯುಮಿನಿಯಂ ಕಂಬ. ಹಿಂಭಾಗದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ಒಂದು ಸೀಳು ಇರುತ್ತದೆ, ಅದಕ್ಕೆ ಗಾಡಿ ಅನ್ನುತ್ತೇವೆ, ಹಾಯಿಯ ಅಂಚಿನ ಹಗ್ಗ ಅದರೊಳಗೆ ಜಾರಿಕೊಂಡು ಮೇಲೆ ಹೋಗುತ್ತದೆ.

ಜನವರಿಯ ಒಂದು ಮಧ್ಯಾಹ್ನ. ಇಲ್ಲಿ ಆ ಹೊತ್ತಿಗೆ ವಾಯವ್ಯದಿಂದ ಗಾಳಿ ಏಳುತ್ತದೆ. ಇಬ್ಬರು ಹುಡುಗರು ಬೆನ್ನಿಗೆ ಗಾಳಿ ಇಟ್ಟುಕೊಂಡು ಬರುತ್ತಿದ್ದರು. ಹಾಯಿಯನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸಿದರು. ಕಬ್ಬು ಮುರಿದ ಹಾಗೆ ಸದ್ದಾಯಿತಂತೆ. ಕಂಬ ಕೆಳಗಿನಿಂದ ಮುರಿದು ಹಾಯಿ ಸಮೇತ ನೀರಿಗೆ ಬಿತ್ತು. ಹುಡುಗರಿಗೆ ಏನೂ ಆಗಲಿಲ್ಲ, ಲಾಂಚ್ ಕಳಿಸಿ ಎಳೆದು ತಂದೆವು.

ಮುರಿದ ಜಾಗ ನೋಡಿದಾಗ ನನಗೆ ನಾಚಿಕೆಯಾಯಿತು. ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡ ಕೋಲಿಗೆ ಬೂಮ್ ಅನ್ನುತ್ತಾರೆ. ಅದು ಕಂಬಕ್ಕೆ ಸೇರುವ ಕೊಂಡಿ ಗೂಸ್‌ನೆಕ್. ಸರಿಯಾಗಿ ಅಲ್ಲೇ ಮುರಿದಿತ್ತು. ಕೊಂಡಿ ಸ್ಟೇನ್‌ಲೆಸ್ ಸ್ಟೀಲ್, ಕಂಬ ಅಲ್ಯುಮಿನಿಯಂ. ಎರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ, ಸವೆಯುವುದು ಅಲ್ಯುಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ ರಿವೆಟ್ಟಿನ ಸುತ್ತ ಕಾಣುತ್ತದೆ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ದೋಣಿ ಇಳಿಸುವಾಗ ಆ ಪುಡಿಯನ್ನು ನಾನೇ ನೋಡಿದ್ದೆ. ಕೊಳೆ ಅಂತ ಬಟ್ಟೆಯಲ್ಲಿ ಒರೆಸಿದ್ದೆ. ಒಳಗೆ ರಿವೆಟ್ಟಿನ ತೂತುಗಳು ಒಂದಕ್ಕೊಂದು ಕೂಡಿಕೊಳ್ಳುವಷ್ಟು ತಿಂದುಹೋಗಿತ್ತು.

ಇನ್ನು ಎರಡು ವಾರಕ್ಕೆ ರೇಸ್ ಇತ್ತು. ಕ್ಲಬ್ಬಿನವರು ಅವಸರ ಮಾಡಿದರು. ರೇ ರೋಡ್ ಕಡೆ ಒಂದು ಆರ್ಗಾನ್ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅವನ ಕೈ ಒಳ್ಳೆಯದೇ. ಬೆಸುಗೆ ನೋಡಿದರೆ ಹೊಲಿಗೆ ಹಾಕಿದ ಹಾಗಿತ್ತು, ನನಗೂ ಖುಷಿಯಾಯಿತು. ದೋಣಿ ಇಳಿಸಿ ಮೂರನೇ ದಿನ ಕಂಬ ಮತ್ತೆ ಹೋಯಿತು. ಗಾಳಿಯೂ ಜಾಸ್ತಿ ಇರಲಿಲ್ಲ. ಬೆಸುಗೆ ಗಟ್ಟಿಯಾಗೇ ಇತ್ತು. ಅದಕ್ಕಿಂತ ಎರಡು ಬೆರಳು ಮೇಲೆ ಕಂಬ ಮಡಚಿಕೊಂಡಿತ್ತು.

ಇದು ವೆಲ್ಡರ್ ತಪ್ಪಲ್ಲ. ಕಂಬಕ್ಕೆ ಬಳಸುವ ಅಲ್ಯುಮಿನಿಯಂ ಗಟ್ಟಿಯಾಗುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಡುವ ಶಾಖದಿಂದ. 6061 ಟಿ6, 6082 ಟಿ6 ಅಂತೆಲ್ಲ ಬರೆದಿರುತ್ತಾರಲ್ಲ, ಆ ಟಿ6 ಅಂದರೆ ಅದೇ ಹದ. ವೆಲ್ಡಿಂಗ್ ಬೆಂಕಿ ತಾಗಿದ ಜಾಗದಲ್ಲಿ ಆ ಹದ ಹೋಗಿಬಿಡುತ್ತದೆ. ಬೆಸುಗೆಯ ಅಕ್ಕಪಕ್ಕದ ಲೋಹದ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಬ್ಬಿಣದ ಗೇಟು ಬೆಸೆದ ಅಭ್ಯಾಸದಲ್ಲಿ ನಾವು ಇದನ್ನೂ ಬೆಸೆಯುತ್ತೇವೆ, ಅಷ್ಟೇ. ಸೇರಿಸಲೇಬೇಕು ಅಂದರೆ ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಕೊಳವೆ ತೂರಿಸಿ ರಿವೆಟ್ ಹಾಕಬೇಕು, ರಿವೆಟ್ ಒಂದೇ ಸಾಲಿನಲ್ಲಿ ಬರಬಾರದು. ಆದರೆ ಗಾಡಿ ಇರುವ ಕಂಬದ ಒಳಗಿನ ಆಕಾರ ಗುಂಡಗಿರುವುದಿಲ್ಲ. ಅದಕ್ಕೆ ಸರಿಹೊಂದುವ ಕೊಳವೆ ಪೇಟೆಯಲ್ಲಿ ಸಿಗುವುದಿಲ್ಲ.

ನಮ್ಮ ಶೆಡ್ಡಿನಲ್ಲಿ ಒಬ್ಬ ಕಾಕಾ ಇದ್ದಾರೆ, ಕೋಳಿ ಅನ್ನುವ ಇಲ್ಲಿನ ಮೀನುಗಾರ ಸಮುದಾಯದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನನ್ನನ್ನು ಅಣ್ಣಾ ಅನ್ನುತ್ತಾರೆ. ಮುಂಬೈಯಲ್ಲಿ ದಕ್ಷಿಣದವರೆಲ್ಲ ಅಣ್ಣನೇ. ಅವರಿಗೆ ಅಲ್ಯುಮಿನಿಯಂ ಅಂದರೆ ಅಷ್ಟಕ್ಕಷ್ಟೇ. ಮರದ ಡೋಲ್‌ಕಾಠಿ (ಮರಾಠಿಯಲ್ಲಿ ಹಾಯಿಕಂಬ) ಆಗಿದ್ದರೆ ಓರೆಯಾಗಿ ಸೀಳಿ, ಹೊಸ ತುಂಡು ಅಂಟಿಸಿ ವಾರದಲ್ಲಿ ನಿಲ್ಲಿಸುತ್ತಿದ್ದೆ ಅಂದರು. ಸುಳ್ಳಲ್ಲ. ಮರದಲ್ಲಿ ಜೋಡಣೆಯ ಓರೆ ದಪ್ಪದ ಎಂಟರಿಂದ ಹನ್ನೆರಡು ಪಟ್ಟು ಉದ್ದ ಇಟ್ಟರೆ ಸಾಕು, ಹೆಚ್ಚುಕಡಿಮೆ ಹೊಸ ಕಂಬದಷ್ಟೇ ಗಟ್ಟಿ. ಕಂಬಕ್ಕೆ ಕನ್ನಡದಲ್ಲಿ ಕೂವೆ ಅನ್ನುವ ಹಳೇ ಹೆಸರಿದೆ. ಬ್ರಿಟಿಷರ ಕಾಲದಲ್ಲಿ ಹಡಗಿನ ಕಂಬಕ್ಕೆ ಅಂತ ನಮ್ಮ ಪಶ್ಚಿಮಘಟ್ಟದ ಪೂನ್‌ಸ್ಪಾರ್ ಮರಕ್ಕೆ ಬಹಳ ಬೇಡಿಕೆ ಇತ್ತು, ಕೊಡಗು ಮತ್ತು ಕೆನರಾ ಕಾಡಿನಿಂದ ಹೋಗುತ್ತಿತ್ತು. ಊರಿನ ಕಾಡಿನ ಮರ ಮುಂಬೈಗೆ ಬರುತ್ತಿದ್ದ ಕಾಲ ಅದು. ಈಗ ಬರುವುದು ನಾವು ಮಾತ್ರ.

ಎರಡನೇ ಸಲ ಮುರಿದ ದಿನ ಸಿಟ್ಟು ಬಂದಿತ್ತು. ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದಿದ್ದ. ಕಂಬದ ಮೇಲೆ ಕೆಳಗೆ ಎರಡೂ ತುಂಡು ತೂಕಕ್ಕೆ ಹಾಕಿ ಕಳಿಸಿದೆ. ಶೆಡ್ ಖಾಲಿಯಾಯಿತು, ಚಹಾ ಕುಡಿದೆ. ಅವತ್ತು ನಾನು ಮಾರಿದ್ದು ಕಂಬ ಅಲ್ಲ, ನನ್ನ ಹತ್ತಿರ ಇದ್ದ ಒಂದೇ ಒಂದು ನಕ್ಷೆ. ಕಂಬವನ್ನು ಹಿಡಿದು ನಿಲ್ಲಿಸುವ ಬದಿಯ ತಂತಿಗಳು ಎಷ್ಟು ಎತ್ತರಕ್ಕೆ ಕೂರುತ್ತವೆ, ಗೂಸ್‌ನೆಕ್ ಎಲ್ಲಿ, ಬುಡದ ಪ್ಲಗ್ಗಿನ ಅಳತೆ ಎಷ್ಟು, ತುದಿಯ ರಾಟೆ ಯಾವುದು, ಎಲ್ಲಾ ಅದರಲ್ಲೇ ಇತ್ತು. ಮುರಿದ ಕಂಬವಾದರೂ ಎರಡು ತುಂಡನ್ನು ನೆಲದಲ್ಲಿ ಜೋಡಿಸಿಟ್ಟು ಟೇಪ್ ಹಿಡಿದರೆ ಹತ್ತು ನಿಮಿಷದಲ್ಲಿ ಎಲ್ಲಾ ಅಳತೆ ಸಿಗುತ್ತಿತ್ತು. ಮಾರನೇ ದಿನ ಗುಜರಿಯವನನ್ನು ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅದು ಭಟ್ಟಿಗೆ ಹೋಗಿತ್ತು.

ಹೊಸದನ್ನು ಇಂಗ್ಲೆಂಡಿನಿಂದ ತರಿಸೋಣ ಅಂತ ಮೊದಲು ವಿಚಾರಿಸಿದೆವು. ಕಂಬದ ಬೆಲೆಗಿಂತ ಅದರ ಉದ್ದವೇ ತೊಂದರೆ. ಸುಮಾರು ಇಪ್ಪತ್ತಡಿ. ಇಪ್ಪತ್ತಡಿ ಕಂಟೇನರ್ ಅನ್ನುತ್ತಾರೆ, ಆದರೆ ಅದರ ಒಳಗಿನ ಉದ್ದ 5.9 ಮೀಟರ್ ಮಾತ್ರ. ನೇರವಾಗಿ ಇಟ್ಟರೆ ಸ್ವಲ್ಪದರಲ್ಲಿ ಹಿಡಿಸುವುದಿಲ್ಲ. ನಲವತ್ತಡಿಯದರಲ್ಲಿ ಯಾರದೋ ಸಾಮಾನಿನ ಜೊತೆ ಜಾಗ ಕೇಳಬೇಕು, ಆಮೇಲೆ ಕಸ್ಟಮ್ಸ್. ಒಂದೇ ಕಂಬಕ್ಕೆ ಇಷ್ಟು ಖರ್ಚು ಬೇಡ ಅಂತ ಕ್ಲಬ್ಬಿನವರು ಕೈಬಿಟ್ಟರು.

ಆಮೇಲೆ ಲೋಹಾರ್ ಚಾಳ್, ನಾಗದೇವಿ ಸ್ಟ್ರೀಟ್, ದಾರುಖಾನಾ ಎಲ್ಲಾ ಸುತ್ತಿದೆ. ಅಲ್ಯುಮಿನಿಯಂ ಪೈಪು ಎಷ್ಟು ಬೇಕೋ ಅಷ್ಟು ಸಿಗುತ್ತದೆ. ಆದರೆ ಗುಂಡಗಿನ ಪೈಪು, ಗಾಡಿ ಇಲ್ಲ. ಜಾಸ್ತಿ ಸಿಗುವುದು 6063, ಕಿಟಕಿ ಫ್ರೇಮಿಗೆ ಬಳಸುವ ಮಾಲು. ದಾರುಖಾನಾದಲ್ಲಿ ಹಡಗು ಒಡೆದ ಸಾಮಾನಿನ ನಡುವೆ ಎರಡು ದಿನ ಕಳೆದೆ. ಸಿಕ್ಕಿದ್ದೆಲ್ಲ ಹತ್ತು ಜನ ಹೊರುವಂಥವು. ಅಲ್ಲಿಂದ ಒಂದು ಒಳ್ಳೆಯ ಹಿತ್ತಾಳೆ ಕೊಂಡಿ ತಂದೆ, ಅದು ಬೇರೆ ವಿಷಯ.

ಕೊನೆಗೆ ಸಿಕ್ಕಿದ್ದು ಬಾಯಿಮಾತಿನಲ್ಲಿ. ಪುಣೆ ಕಡೆಯ ಒಂದು ಕೆರೆಯ ಹತ್ತಿರ ಯಾರದೋ ಶೆಡ್ಡಿನಲ್ಲಿ ತಳ ಕೊಳೆತ ದೋಣಿ ಬಿದ್ದಿದೆ, ಕಂಬ ಚೆನ್ನಾಗಿದೆ ಅಂತ ಕಾಕಾಗೆ ಯಾರೋ ಹೇಳಿದರು. ಹೋಗುವಾಗ ನಮ್ಮ ಹಳೇ ಹಾಯಿಯ ಅಂಚಿನಿಂದ ಒಂದಡಿ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡೆ. ಮೊದಲು ಅದನ್ನು ಗಾಡಿಯೊಳಗೆ ಬುಡದಿಂದ ತುದಿಯವರೆಗೂ ಎಳೆದು ನೋಡಿದೆ. ಸಲೀಸಾಗಿ ಹೋಯಿತು. ಹೀಗೆ ನೋಡದೆ ಕೊಂಡು ತಂದು, ಹಾಯಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಪೆಚ್ಚಾದವರನ್ನು ನೋಡಿದ್ದೇನೆ. ಆಮೇಲೆ ಕಂಬದ ಒಂದು ತುದಿಗೆ ಕಣ್ಣಿಟ್ಟು ಗಾಡಿಯ ಉದ್ದಕ್ಕೂ ನೋಡಿದೆ. ನೇರ ಇತ್ತು. ಉಗುರಿನಿಂದ ಕೊಂಡಿಗಳ ಸುತ್ತ ಕೆರೆದೆ. ಸಿಹಿನೀರಿನ ದೋಣಿಯಾದ್ದರಿಂದ ಬಿಳಿ ಪುಡಿ ಇಲ್ಲವೇ ಇಲ್ಲ. ನನ್ನ ಕೇಳಿದರೆ ಹಳೇ ಕಂಬ ಕೊಳ್ಳುವವರು ಸಮುದ್ರ ಬಿಟ್ಟು ಕೆರೆ ಕಡೆ ಹುಡುಕಬೇಕು.

ತರುವುದು ಇನ್ನೊಂದು ಕಥೆ. ಟೆಂಪೋ ಮೇಲೆ ಎರಡು ಕಡೆ ಹಳೇ ಹಾಸಿಗೆ ಇಟ್ಟು ಕಟ್ಟಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಹಾಕಿ ಖಂಡಾಲಾ ಘಾಟ್ ಇಳಿಸಿದೆವು. ತುದಿ ಕುಣಿಯದ ಹಾಗೆ ನಡುವೆಯೂ ಒಂದು ಕಟ್ಟು ಹಾಕಬೇಕು. ಕುಣಿದು ಕುಣಿದೇ ಬಾಗಿಬಿಡುತ್ತದೆ.

ಕಂಬ ಬಂತು. ಆದರೆ ಅದು ಬೇರೆ ದೋಣಿಯದು, ನಮ್ಮದಕ್ಕಿಂತ ಉದ್ದ. ಎಲ್ಲಿ ಕತ್ತರಿಸಬೇಕು? ನಕ್ಷೆ ಗುಜರಿಗೆ ಹೋಗಿತ್ತಲ್ಲ. ನಾನು ಗರಗಸ ಹಿಡಿದು ನಿಂತಿದ್ದೆ. ಕಾಕಾ ಬಂದು ಗರಗಸ ಕಸಿದುಕೊಂಡರು. "ಅಣ್ಣಾ, ತಂತಿ ಎಲ್ಲಿದೆ?" ಅಂದರು.

ತಂತಿ ಇತ್ತು! ಬದಿಯ ಎರಡು ಶ್ರೌಡ್ ತಂತಿ, ಮುಂದಿನದೊಂದು ತಂತಿ, ಮೂರನ್ನೂ ಬಿಚ್ಚಿ ಮೊಳೆಗೆ ನೇತುಹಾಕಿದ್ದೆ. ಕಾಕಾ ಪೆಂಡಾಲಿನವನ ಹತ್ತಿರ ಒಂದು ಬಿದಿರು ತಂದರು. ಕಂಬ ಕೂರುವ ಗುಳಿಯಲ್ಲಿ ಅದನ್ನು ನಿಲ್ಲಿಸಿದೆವು. ಮೂರು ತಂತಿಯ ಕೆಳತುದಿಯನ್ನು ದೋಣಿಯಲ್ಲಿ ಅವುಗಳ ಜಾಗಕ್ಕೇ ಕೊಂಡಿ ಹಾಕಿ, ಮೇಲಿನ ತುದಿಗಳನ್ನು ಬಿದಿರಿನ ಮೇಲೆ ಒಟ್ಟಿಗೆ ಎಳೆದೆವು. ಮೂರೂ ಬಿಗಿಯಾಗಿ ಕೂಡಿದ ಜಾಗಕ್ಕೆ ಸೀಮೆಸುಣ್ಣದ ಗುರುತು. ಅದೇ ತಂತಿ ಕೂರುವ ಎತ್ತರ. ಹಾಯಿಯನ್ನು ನೆಲಕ್ಕೆ ಹಾಸಿ ಅಂಚಿನ ಉದ್ದ ಅಳೆದೆವು. ಅದರಿಂದ ತುದಿಗೂ ಗೂಸ್‌ನೆಕ್ಕಿಗೂ ಎಷ್ಟು ದೂರ ಅಂತ ಗೊತ್ತಾಯಿತು. ಅರ್ಧ ದಿನದಲ್ಲಿ ಇಡೀ ಕಂಬದ ಅಳತೆ ಬಿದಿರಿನ ಮೇಲೆ ಬಂತು. ಅದನ್ನು ಹೊಸ ಕಂಬದ ಪಕ್ಕ ಮಲಗಿಸಿ ಗುರುತು ಇಳಿಸಿದೆ. ಆಮೇಲೆ ಬುಡದ ಕಡೆ ಕತ್ತರಿಸಿದೆ. ಅದೂ ಒಂದು ಇಂಚು ಉಳಿಸಿ, ನಿಲ್ಲಿಸಿ ನೋಡಿದ ಮೇಲೆ ಉಳಿದದ್ದು.

ಕೊಂಡಿ ಹಾಕುವಾಗ ಈ ಸಲ ಅವಸರ ಮಾಡಲಿಲ್ಲ. ತೂತು ಕೊರೆದಲ್ಲೆಲ್ಲ ಮೇಲಿನ ಆನೋಡೈಸ್ ಅನ್ನುವ ರಕ್ಷಣೆಯ ಪದರ ಹೋಗಿ ಹಸಿ ಅಲ್ಯುಮಿನಿಯಂ ಕಾಣುತ್ತದೆ. ಅಲ್ಲಿಗೆ ಡ್ಯೂರಲಾಕ್ ಅನ್ನುವ ಹಳದಿ ಪೇಸ್ಟ್ ಹಚ್ಚಿ, ಸ್ಟೀಲ್ ಕೊಂಡಿಯ ಕೆಳಗೆ ತೆಳುವಾದ ನೈಲಾನ್ ಹಾಳೆ ಇಟ್ಟೆ. ಭಾರ ಬೀಳುವ ಕಡೆ ಮೋನೆಲ್ ಅನ್ನುವ ಗಟ್ಟಿ ಮಿಶ್ರಲೋಹದ ರಿವೆಟ್, ಬರೀ ಅಲ್ಯುಮಿನಿಯಂ ರಿವೆಟ್ ಅಲ್ಲಿ ತಡೆಯುವುದಿಲ್ಲ. ಹಳೇ ದೋಣಿಯ ತೂತುಗಳ ಹತ್ತಿರ ಹೊಸ ತೂತು ಬೀಳದ ಹಾಗೆ ಕೊಂಡಿಗಳನ್ನು ಸ್ವಲ್ಪ ಜರುಗಿಸಿದೆ. ಹಾಯಿ ಎಳೆಯುವ ಹಗ್ಗ ಕಂಬದ ಒಳಗಿನಿಂದ ಬರಬೇಕು. ಅದಕ್ಕೆ ಒಂದು ಗೇಣು ಸೈಕಲ್ ಚೈನಿಗೆ ತೆಳು ದಾರ ಕಟ್ಟಿ ತುದಿಯಿಂದ ಬಿಟ್ಟು, ಕಂಬ ಓರೆ ಮಾಡಿದೆ. ಗಡಗಡ ಅಂತ ಇಳಿದು ಬಂತು. ಶ್ರೌಡ್ ತಂತಿಗಳನ್ನು ಮಾತ್ರ ಹೊಸದೇ ಹಾಕಿದೆ. 3 ಮಿಲಿಮೀಟರ್ ದಪ್ಪ, ಹತ್ತೊಂಬತ್ತು ಎಳೆಯದು. ತುಂಡಾಗಲು ಸುಮಾರು 700 ಕಿಲೋ ಭಾರ ಬೇಕು. ಹಳೇದರ ಬುಡದಲ್ಲಿ ಒಂದು ಎಳೆ ಆಗಲೇ ಕಿತ್ತು ಬಂದಿತ್ತು. ಅದು ಕಣ್ಣಿಗೆ ಬಿದ್ದದ್ದು ಬೆರಳಿಗೆ ಚುಚ್ಚಿದ ಮೇಲೆ.

ನಿಲ್ಲಿಸುವ ಮೊದಲು ತಲೆ ಎತ್ತಿ ನೋಡಬೇಕು. ಅಲ್ಯುಮಿನಿಯಂ ಕಂಬ, ಮೇಲೆ ಕರೆಂಟ್ ತಂತಿ ಇದ್ದರೆ ಕಥೆ ಮುಗಿಯಿತು. ನಮ್ಮ ಇಳಿಜಾರಿನ ಒಂದು ಮೂಲೆಯಲ್ಲಿ ಹಾಗೊಂದು ತಂತಿ ಇದೆ. ಆ ಕಡೆ ನಾವು ಯಾವತ್ತೂ ಕಂಬ ಎತ್ತುವುದಿಲ್ಲ.

ನಿಲ್ಲಿಸಿದ ಮೇಲೆ ಟೇಪನ್ನು ಹಾಯಿಯ ಹಗ್ಗಕ್ಕೆ ಕಟ್ಟಿ ತುದಿಗೆ ಏರಿಸಿದೆ. ಎಡ ಬದಿಯ ಅಂಚಿಗೆ ಅಳೆದೆ, ಬಲಕ್ಕೆ ಅಳೆದೆ. 22 ಮಿಲಿಮೀಟರ್ ವ್ಯತ್ಯಾಸ. ಕಂಬ ಡೊಂಕಾಗಿದೆಯಾ, ದೋಣಿಯೇ ಡೊಂಕಾಗಿದೆಯಾ ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡೆ. ಕಡೆಗೆ ನೋಡಿದರೆ ಒಂದು ಬದಿಯ ತಂತಿಯ ಪಿನ್ನನ್ನು, ತಂತಿ ಸಿಕ್ಕಿಸುವ ತೂತಿನ ಪಟ್ಟಿಯಲ್ಲಿ, ಪಕ್ಕದ ತೂತಿಗೆ ಹಾಕಿದ್ದೆ. ಕಾಕಾ ನೋಡಿಯೂ ನೋಡದ ಹಾಗೆ ಬೀಡಿ ಹಚ್ಚುತ್ತಿದ್ದರು.

ಏಪ್ರಿಲಿನಲ್ಲಿ ಅದೇ ಇಬ್ಬರು ಹುಡುಗರು ದೋಣಿ ಇಳಿಸಿದರು. ಮೊದಲ ದಿನ ಅರ್ಧ ಗಂಟೆ ಮಾತ್ರ ಅಂತ ಹೇಳಿ ಕಳಿಸಿದ್ದೆ. ವಾಪಸ್ ತಂದು ಎಲ್ಲಾ ಪಿನ್, ಎಲ್ಲಾ ರಿವೆಟ್ ನೋಡಿದೆ. ತಂತಿ ಸ್ವಲ್ಪ ಸಡಿಲಾಗಿತ್ತು, ಹೊಸತು ಎಳೆದುಕೊಳ್ಳುತ್ತದೆ. ಬಿಗಿ ಮಾಡಿ ಮತ್ತೆ ಬಿಟ್ಟೆ. ಆ ಬಿದಿರು ಈಗಲೂ ಶೆಡ್ಡಿನ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದೇನೆ. ಪೆಂಡಾಲಿನವನು ಎರಡು ಸಲ ಕೇಳಿದ, ದುಡ್ಡು ಕೊಟ್ಟು ಸುಮ್ನಾಗಿಸಿದೆ.

ಈ ಅಕ್ಟೋಬರಿನಲ್ಲಿ ಇನ್ನೊಂದು ಎಂಟರ್‌ಪ್ರೈಸಿನ ಗೂಸ್‌ನೆಕ್ಕಿನ ಸುತ್ತ ಬಿಳಿ ಪುಡಿ ಕಂಡಿತು. ಒರೆಸಲಿಲ್ಲ. ನಾಲ್ಕೂ ರಿವೆಟ್ ಕೊರೆದು ಕೊಂಡಿ ಕಿತ್ತೆ. ಒಂದು ತೂತು ಆಗಲೇ ಅಕ್ಕಿಕಾಳಿನಷ್ಟು ಉದ್ದಕ್ಕೆ ಹಿಗ್ಗಿತ್ತು. ಕೊಂಡಿಯನ್ನು ಎರಡು ಇಂಚು ಮೇಲಕ್ಕೆ ಹಾಕಲು ಆಗುತ್ತದಾ ಅಂತ ಈಗ ಹಾಯಿ ಹಾಸಿಕೊಂಡು ಅಳೆಯುತ್ತಿದ್ದೇನೆ. ಇನ್ನೂ ಮೂರು ದೋಣಿ ನೋಡುವುದು ಬಾಕಿ ಇದೆ.