ಹಿರಿಯರ ಮನೆಭೇಟಿ ಯೋಜನೆ: ಕೆಲಸ ಎಲ್ಲಿಗೆ ಬಂತು

ಒಂಟಿಯಾಗಿ, ಇಲ್ಲವೇ ತಮ್ಮಷ್ಟೇ ವಯಸ್ಸಾದ ಸಂಗಾತಿಯ ಜೊತೆ ಇರುವ ಹಿರಿಯರ ಮನೆಗೆ ಸ್ವಯಂಸೇವಕರು ವಾರಕ್ಕೊಮ್ಮೆ ಹೋಗಿಬರುವ ಯೋಜನೆ ಇದು. ಹಿಂದಿನ ಟಿಪ್ಪಣಿಯಿಂದೀಚೆಗೆ ಮೊದಲ ಭೇಟಿಯ ಹಾಳೆ ಬದಲಾಗಿದೆ, ಮಾತ್ರೆಗಳ ಪಟ್ಟಿ ತಯಾರಾಗಿದೆ, ಬಚ್ಚಲಿಗೆ ಹಿಡಿಕೆ ಹಾಕಿಸುವ ಕೆಲಸ ಅರ್ಧಕ್ಕೆ ಬಂದಿದೆ. ಸ್ವಯಂಸೇವಕರನ್ನು ಉಳಿಸಿಕೊಳ್ಳುವ ವಿಷಯ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ.

ಮೊದಲ ಭೇಟಿಯ ಹಾಳೆ

"ನಿಮಗೆ ಏನು ಸಹಾಯ ಬೇಕು?" ಎಂಬ ಪ್ರಶ್ನೆ ಈಗ ಹಾಳೆಯಲ್ಲಿಲ್ಲ. ಅದಕ್ಕೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಏನೂ ಬೇಡಪ್ಪ, ಹೇಗೋ ನಡೀತಿದೆ." ಕೈಲಾಗುವುದಿಲ್ಲ ಎಂದು ಬಾಯಿಬಿಟ್ಟರೆ ಒಬ್ಬರೇ ಇರಲು ಬಿಡುವುದಿಲ್ಲವೇನೋ ಎಂಬ ಅಳುಕು ಅದರ ಹಿಂದಿರುತ್ತದೆ. ಅದರ ಬದಲು ನಿನ್ನೆಯ ದಿನದ ಬಗ್ಗೆ ಕೇಳುತ್ತೇವೆ. ಎಷ್ಟು ಹೊತ್ತಿಗೆ ಎದ್ದಿರಿ, ಏಳುವಾಗ ಏನನ್ನು ಹಿಡಿದುಕೊಂಡಿರಿ, ಸ್ನಾನಕ್ಕೆ ನೀರು ತುಂಬಿದ್ದು ಯಾರು? ಮಾತಿನ ನಡುವೆಯೇ ಆರು ವಿಷಯಗಳಿಗೆ ಗುರುತು ಹಾಕಿಕೊಳ್ಳಬಹುದು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಮಕ್ಕಳು ಪಕ್ಕದಲ್ಲಿದ್ದರೆ ಉತ್ತರ ಅವರಿಂದಲೇ ಬರುತ್ತದೆ. ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳಿ. ಎರಡು ಬಣ್ಣ ಒಂದಕ್ಕೊಂದು ಹೊಂದದ ಕಡೆಯೇ ಮುಂದಿನ ಭೇಟಿಯ ಕೆಲಸ ಇರುತ್ತದೆ.

ಹೊಸದಾಗಿ ಎರಡು ಕಾಲಂ ಸೇರಿವೆ. ಒಂದು "ಮೊದಲು ಮಾಡುತ್ತಿದ್ದು ಈಗ ಬಿಟ್ಟದ್ದು". ಇನ್ನೊಂದು "ಇದಕ್ಕೆ ನಾವು ಕೈ ಹಾಕಬಾರದು".

ಎರಡನೆಯದರ ಬಗ್ಗೆ ತಂಡದಲ್ಲಿ ತಕರಾರಿದೆ. ಸಹಾಯಕ್ಕೆಂದು ಬಂದವರು ಕೈಕಟ್ಟಿ ಕೂರುವುದೇ ಎಂಬುದು ಪ್ರಶ್ನೆ. ಆದರೆ ಒಳ್ಳೆಯ ಮನಸ್ಸಿನ ಸ್ವಯಂಸೇವಕರಿಂದಲೇ ಇಲ್ಲಿ ಹೆಚ್ಚು ಹಾನಿಯಾಗುತ್ತದೆ. ಬಾಗಿಲು ತೆಗೆಯುವುದು, ನೀರು ತಂದುಕೊಡುವುದು, ಬಟ್ಟೆ ಮಡಿಸುವುದು ಎಲ್ಲವನ್ನೂ ಬಂದವರೇ ಮಾಡಿದರೆ ಹಿರಿಯರು ಕುರ್ಚಿ ಬಿಟ್ಟು ಏಳುವ ಸಂದರ್ಭವೇ ಬರುವುದಿಲ್ಲ. ಕೆಲಸವಿಲ್ಲದ ತೊಡೆಯ ಸ್ನಾಯು ಈ ವಯಸ್ಸಿನಲ್ಲಿ ಬೇಗ ಸೊರಗುತ್ತದೆ, ಹಾಗೆ ಸೊರಗಿದ್ದು ಸುಲಭಕ್ಕೆ ಮರಳುವುದಿಲ್ಲ. ಅಂಗಿಯ ಗುಂಡಿಯನ್ನೇ ನೋಡಿ. ಸೆಟೆದ ಬೆರಳು ಗುಂಡಿಯ ಅಂಚನ್ನು ಹುಡುಕುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಪಕ್ಕದಲ್ಲಿರುವವರಿಗೆ ಕ್ಷಣದಲ್ಲಿ ಮುಗಿಯುವ ಕೆಲಸ ಅದು. ಆಗ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಾತು ಮುಂದುವರಿಸುವುದು ಹೊಸಬರಿಗೆ ಕಲಿಸಲು ಅತಿ ಕಷ್ಟದ ಪಾಠ. ಮೇಲಿನ ಒಂದೆರಡು ಗುಂಡಿ ಆಗುವುದೇ ಇಲ್ಲವೆಂದರೆ ಅಷ್ಟನ್ನು ಮಾತ್ರ, ಕೇಳಿಕೊಂಡು, ಹಾಕಿಕೊಡಬೇಕು.

ಮಾತು ಕೇಳಿಸದಿದ್ದಾಗ

ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಶಬ್ದ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, ಸ್ವರಗಳಷ್ಟೇ ಉಳಿಯುತ್ತವೆ. ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಟಿವಿ ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಒಂದು ಮೀಟರ್ ಆಸುಪಾಸಿನಲ್ಲಿ ಎದುರು ಕುಳಿತು, ದನಿಯ ಸ್ಥಾಯಿ ತಗ್ಗಿಸಿ ನಿಧಾನವಾಗಿ ಮಾತಾಡಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ತಿರುಗಿಸಿ ಹೇಳದೆ ಬೇರೆ ಪದ ಹಾಕಿ. ಕಿವಿಯ ಮಷಿನ್ ಕೆಲಸ ಮಾಡುತ್ತಿಲ್ಲ ಎಂದರೆ ಮೊದಲು ಬ್ಯಾಟರಿ, ಆಮೇಲೆ ತುದಿಯಲ್ಲಿ ಕಟ್ಟಿದ ಗುಗ್ಗೆ ನೋಡಿ. ರಿಪೇರಿಯ ಮಾತು ಅದಾದ ಮೇಲೆ.

ಮಾತ್ರೆಗಳ ಪಟ್ಟಿ

ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಮೇಜಿನ ಮೇಲೆ ಸುರಿಸುವುದು ಮೊದಲ ಹೆಜ್ಜೆ. ಕಣ್ಣಿನ ಹನಿ, ಮುಲಾಮು, ತಾವೇ ಕೊಂಡ ನೆಗಡಿ ಮಾತ್ರೆ, ಪಕ್ಕದ ಮನೆಯವರು ಕೊಟ್ಟದ್ದೂ ಸೇರಬೇಕು. ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವುದಕ್ಕೆ, ಎಷ್ಟು ಹೊತ್ತಿಗೆ, ಬರೆದುಕೊಟ್ಟವರು ಯಾರು, ಇವಿಷ್ಟು ಪಟ್ಟಿಗೆ ಸಾಕು. ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಬ್ಬರು ವೈದ್ಯರು ಎರಡು ಬ್ರ್ಯಾಂಡ್ ಹೆಸರಿನಲ್ಲಿ ಬರೆದ ಒಂದೇ ಔಷಧಿ, ನಿಲ್ಲಿಸಲು ಹೇಳಿದ್ದರೂ ಮುಂದುವರಿದ ಮಾತ್ರೆ, ನೋವಿನ ಮಾತ್ರೆಯಲ್ಲೂ ನೆಗಡಿ ಮಾತ್ರೆಯಲ್ಲೂ ಇರುವ ಪ್ಯಾರಸಿಟಮಾಲ್. ನಿದ್ದೆ ಮಾತ್ರೆ ಮತ್ತು ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳಿಗೆ ಕೆಂಪು ಗುರುತು ಹಾಕುತ್ತೇವೆ. ಹಿರಿಯರಲ್ಲಿ ಅವು ಗೊಂದಲಕ್ಕೂ ಬೀಳುವುದಕ್ಕೂ ದಾರಿ ಮಾಡುತ್ತವೆ. ನಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ. ಪಟ್ಟಿ ವೈದ್ಯರ ಕೈಗೆ ಹೋಗಬೇಕು.

ಡಬ್ಬಿ 28 ಖಾನೆಯದು: 7 ದಿನ, ದಿನಕ್ಕೆ 4 ಹೊತ್ತು. ತುಂಬುವವರು ಹಿರಿಯರೇ, ನೋಡಿಕೊಳ್ಳುವವರು ನಾವು. ತೇವಕ್ಕೆ ಕೆಡುವ ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸದೆ, ಸುತ್ತ ಕತ್ತರಿಸಿ ಹಾಗೆಯೇ ಇಡಬೇಕು. ನುಂಗಲು ದೊಡ್ಡದೆಂದು ಪುಡಿ ಮಾಡುವ ಅಭ್ಯಾಸ ಇದ್ದರೆ ಔಷಧ ಅಂಗಡಿಯಲ್ಲಿ ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ.

ಒಂದೆರಡು ದಿನದಲ್ಲೇ ಶುರುವಾದ ಗೊಂದಲವನ್ನು "ವಯಸ್ಸಾಯಿತು, ಮರೆವು" ಎಂದು ಬಿಡುವ ಹಾಗಿಲ್ಲ. ಮೂತ್ರದ ಸೋಂಕು, ನೀರು ಕಡಿಮೆಯಾದದ್ದು, ಮಲಬದ್ಧತೆ, ಹೊಸ ಔಷಧಿ, ಯಾವುದೂ ಕಾರಣವಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಬೀಳದಂತೆ

ಎರಡು ಪರೀಕ್ಷೆ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ. ಇನ್ನೊಂದು ಬಿಪಿ. 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ಎರಡರಲ್ಲೂ ಒಬ್ಬರು ಪಕ್ಕದಲ್ಲೇ ನಿಂತಿರಬೇಕು.

ಹಿಡಿಕೆ ಕೆಲಸ ನಿಧಾನವಾಗಿರುವುದಕ್ಕೆ ಗೋಡೆಗಳೇ ಕಾರಣ. ಟೈಲ್ಸ್ ಹಿಂದೆ ಟೊಳ್ಳಿದ್ದರೆ ಸ್ಕ್ರೂ ಹಿಡಿಯುವುದಿಲ್ಲ; ಡ್ರಿಲ್ ಟೈಲ್ಸ್ ದಾಟಿ ಗಟ್ಟಿ ಇಟ್ಟಿಗೆಯೊಳಕ್ಕೆ ಹೋಗಬೇಕು. ಗಾಳಿ ಒತ್ತಡದಲ್ಲಿ ಅಂಟಿಕೊಳ್ಳುವ ಹಿಡಿಕೆ ಬೇಡವೇ ಬೇಡ, ಭಾರ ಬಿದ್ದ ಕ್ಷಣಕ್ಕೇ ಕಳಚಬಹುದು. ಟವೆಲ್ ಕಂಬಿಯೂ ಹಾಗೆಯೇ. ಕೊಳವೆಯ ದಪ್ಪ 32ರಿಂದ 38 ಮಿಲಿಮೀಟರ್, ಗೋಡೆಯಿಂದ ಅಂತರ ಸುಮಾರು 38. ಎತ್ತರಕ್ಕೆ ಪುಸ್ತಕದ ಅಳತೆಗಿಂತ ಅವರನ್ನೇ ಒಣ ನೆಲದಲ್ಲಿ ಕೂತು ಏಳಲು ಹೇಳಿ, ಕೈ ತಾನಾಗಿ ಹೋದ ಕಡೆ ಸೀಮೆಸುಣ್ಣದ ಗೆರೆ ಎಳೆಯುವುದು ಮೇಲು.

ಊರುಗೋಲಿನ ಹಿಡಿಯ ಮೇಲ್ತುದಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಇದನ್ನು ಉಲ್ಟಾ ಹಿಡಿದವರೇ ಜಾಸ್ತಿ. ಅಡಿಯ ರಬ್ಬರ್‌ನ ಗೆರೆ ಸವೆದಿದ್ದರೆ ಬದಲಿಸಿ.

ಸ್ವಯಂಸೇವಕರು

ಬಿಟ್ಟುಹೋಗಲು ಕಾರಣ ಸಮಯದ ಅಭಾವವೆಂದು ಹೇಳುತ್ತಾರೆ. ಕೆದಕಿದರೆ ಹೊರಬರುವುದು ಬೇರೆ: ತಾವು ಹೋಗುತ್ತಿದ್ದ ಮನೆಯ ಹಿರಿಯರು ತೀರಿಕೊಂಡಿರುತ್ತಾರೆ, ಮರುವಾರವೇ ಹೊಸ ಮನೆಯ ವಿಳಾಸ ಕೈಗೆ ಬಂದಿರುತ್ತದೆ. ಈಗ ನಡುವೆ ಬಿಡುವು ಕಡ್ಡಾಯ. ಸ್ವಯಂಸೇವಕರು ಬದಲಾಗುವುದಿದ್ದರೆ ಹಳಬರು ಹೊಸಬರನ್ನು ಜೊತೆಯಲ್ಲೇ ಕರೆದೊಯ್ದು ಪರಿಚಯಿಸಬೇಕು, ಹೇಳದೆ ಕೇಳದೆ ಮುಖ ಬದಲಾಗಬಾರದು. ಬ್ಯಾಂಕ್ ಪಿನ್, ಸಹಿ, ಉಯಿಲು, ಈ ಮೂರರಿಂದ ದೂರ. ಮೈಮೇಲೆ ಹೇಳಿದ ಕಾರಣಕ್ಕೆ ಹೊಂದದ, ಪೆಟ್ಟಿನಿಂದ ಕಂದಿದ ಗುರುತು ಕಂಡರೆ ಹಿರಿಯರನ್ನು ಒಂಟಿಯಾಗಿ ಮಾತಾಡಿಸಿ, ಅವರ ಮಾತನ್ನು ಇದ್ದ ಹಾಗೆಯೇ ಬರೆದು ಮೇಲ್ವಿಚಾರಕರಿಗೆ ಅಂದೇ ಕೊಡಬೇಕು.

ತಂಡಕ್ಕೆ ಹುಮ್ಮಸ್ಸು ಕೊಡುತ್ತಿರುವುದು "ಬಿಟ್ಟದ್ದು" ಕಾಲಂ. "ಪತ್ರಿಕೆ ಓದುವುದು" ಎಂಬ ಸಾಲು ಅಲ್ಲಿ ಮತ್ತೆ ಮತ್ತೆ ಬರುತ್ತದೆ, ಕಾರಣ ಎಷ್ಟೋ ಸಲ ಕಣ್ಣಲ್ಲ, ದೀಪ. ಬಲ್ಬು ಬೆನ್ನ ಹಿಂದಿದ್ದರೆ ಹಾಳೆಯ ಮೇಲೆ ತಲೆಯ ನೆರಳೇ ಬೀಳುತ್ತದೆ. ಕುರ್ಚಿ ತಿರುಗಿಸಿ, ಹೆಗಲ ಪಕ್ಕಕ್ಕೆ ಒಂದು ಮೇಜಿನ ದೀಪ ಇಟ್ಟರೆ ಆ ಸಾಲನ್ನು ಹೊಡೆದುಹಾಕಬಹುದು. ಅಷ್ಟಕ್ಕೂ ಓದಲಾಗದಿದ್ದರೆ ಕಣ್ಣಿನ ಪರೀಕ್ಷೆ.

ಮುಂದಿನ ಟಿಪ್ಪಣಿಯ ಹೊತ್ತಿಗೆ ಉಳಿದ ಹಿಡಿಕೆಗಳು ಮುಗಿಯಬೇಕು, ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಗೆ ಚಲನೆಗೆ ಹೊತ್ತಿಕೊಳ್ಳುವ ದೀಪ ಹಾಕಿ ನೋಡಬೇಕು.