ಕಾದ ಮೇಲೆ ಕುಂಟುವ ಟ್ರಾಕ್ಟರ್

ಪುಣೆ ಹತ್ತಿರದ ನಮ್ಮ ಭೋಸರಿಯ ಕಾರ್ಖಾನೆಗೆ ಗುರುವಾರ ರಜೆ. ಬುಧವಾರ ರಾತ್ರಿಯೇ ಸೋದರಮಾವನ ಫೋನು ಬಂತು. "ಅಳ್ಯಾ, ಟ್ರಾಕ್ಟರ್ ಮಿಸ್ಸಿಂಗ್ ಹೊಡಿಯಾಕತ್ತೈತಿ. ಮುಂಜಾನಿ ಛಲೋನೇ ಇರ್ತೈತಿ. ಕಾದ ಮ್ಯಾಲೆ ಸ್ಲೋದಾಗ ಕುಂಟತೈತಿ. ರೇಸ್ ಕೊಟ್ರ ಸುಮ್ಮ ಆಗತೈತಿ."

ನನ್ನ ಕಿವಿಗೆ ಬಿದ್ದದ್ದು 'ಮಿಸ್ಸಿಂಗ್' ಒಂದೇ, ಅಂದರೆ ಒಂದು ಸಿಲಿಂಡರ್ ಉರಿಯದೆ ತಾಳ ತಪ್ಪುವುದು.

ಮಾವ ಇಂಡಿ ಕಡೆ ಲಿಂಬೆ ಗಿಡ ನೋಡಿಕೊಂಡಿದ್ದವನು. ಕೂಲಿಗೆಂದು ಪುಣೆಗೆ ಬಂದು, ದಿವೆ ಘಾಟ್ ಹತ್ತಿದ ಮೇಲೆ ಸಿಗುವ ಸಾಸವಡದ ಆಚೆ ಹೊಲ ಲಾವಣಿಗೆ ಹಿಡಿದು ಅಂಜೂರ, ಸೀತಾಫಲ ಬೆಳೆಸುತ್ತ ಅಲ್ಲೇ ಉಳಿದ. ಮಳೆ ಕಡಿಮೆಯ ಸೀಮೆ. ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಟ್ರಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಲೇಬೇಕು. ಟ್ರಾಕ್ಟರೋ, ಮೂರು ಸಿಲಿಂಡರಿನ ಹಳೆಯ ಮುದುಕ.

ನಾನು ಹೋಗುವಷ್ಟರಲ್ಲಿ ಒಂದು ಟ್ಯಾಂಕರ್ ನೀರು ತಂದು ನಿಲ್ಲಿಸಿದ್ದ. ಎಂಜಿನ್ ಸ್ಲೋದಲ್ಲಿ ಓಡುತ್ತಿತ್ತು. ದಡ್ ದಡ್, ಒಂದು ಖಾಲಿ, ಮತ್ತೆ ದಡ್ ದಡ್. ಸೈಲೆನ್ಸರಿನ ಬಾಯಿಯ ತಗಡಿನ ಮುಚ್ಚಳ ಬಿಕ್ಕಳಿಕೆ ಬಂದವರ ಹಾಗೆ ಎಗರುತ್ತಿತ್ತು. ಕಣ್ಣು ಉರಿಸುವ ಬಿಳಿ ಹೊಗೆ, ಅಂದರೆ ಸುಡದೆ ಹೊರಬಿದ್ದ ಡೀಸೆಲ್.

ಯಾವ ಸಿಲಿಂಡರ್ ಸತ್ತಿದೆ ಎಂದು ಹಿಡಿಯುವುದು ಸುಲಭ. ಎಂಜಿನ್ ಓಡುತ್ತಿರುವಾಗಲೇ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಬೇಕು. ಸುತ್ತ ಬಟ್ಟೆ ಹಿಡಿಯಬೇಕು, ಬೆರಳು ಹತ್ತಿರ ಒಯ್ಯಬಾರದು; ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಒಂದನೆಯದನ್ನು ಸಡಿಲಿಸಿದಾಗ ಎಂಜಿನ್ ಇನ್ನೂ ಕುಗ್ಗಿತು. ಮೂರನೆಯದಕ್ಕೂ ಹಾಗೇ. ಎರಡನೆಯದಕ್ಕೆ ಏನೂ ಫರಕು ಬೀಳಲಿಲ್ಲ; ಸತ್ತದ್ದು ಅದೇ. "ನಾಝಲ್ ಹೋಗೇದ ಮಾಮಾ" ಅಂದುಬಿಟ್ಟೆ. ದಿನವಿಡೀ ಮೈಕ್ರೊಮೀಟರ್ ಹಿಡಿದು ಶಾಫ್ಟ್ ಅಳೆಯುವವನಿಗೆ ಇಂಥ ಗತ್ತು ಇದ್ದೇ ಇರುತ್ತದೆ.

ಎರಡನೆಯ ಮತ್ತು ಮೂರನೆಯ ನಾಝಲ್ ಅದಲುಬದಲು ಮಾಡಿ, ಕುಂಟುವುದು ನಾಝಲ್ ಜೊತೆ ಹೋಗುತ್ತದೋ ಎರಡನೆಯದರಲ್ಲೇ ಉಳಿಯುತ್ತದೋ ನೋಡಿದ್ದರೆ ಅರ್ಧ ತಾಸಿನಲ್ಲಿ ನಿಜ ಗೊತ್ತಾಗುತ್ತಿತ್ತು. ನಾನು ಮಾಡಿದ್ದು ಬೇರೆ. ನಾಝಲ್ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಗೆ ಹಾಕಿ ಘಾಟ್ ಇಳಿದು ಹಡಪಸರಕ್ಕೆ ಹೋದೆ. ಡೀಸೆಲ್ ಪಂಪ್ ರಿಪೇರಿ ಅಂಗಡಿಯವ ಅದನ್ನು ಟೆಸ್ಟರಿಗೆ ಕಟ್ಟಿ ಹಿಡಿಕೆ ಒತ್ತಿದ. ಸಣ್ಣ ಮಂಜಿನ ಹಾಗೆ ಸ್ಪ್ರೇ ಬಂತು. ತುದಿಯಲ್ಲಿ ಹನಿ ನಿಲ್ಲಲಿಲ್ಲ. "ಬರೋಬರ್ ಆಹೆ" ಅಂದ, ಸರಿಯಾಗಿಯೇ ಇದೆ ಅಂತ. ಆದರೂ ಹೊಸದೊಂದನ್ನು ಕೊಂಡೆ! ಇಷ್ಟು ದೂರ ಬಂದಿದ್ದೇನಲ್ಲ, ಬರಿಗೈಲಿ ಹೇಗೆ ಹೋಗುವುದು.

ಮಧ್ಯಾಹ್ನ ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿ, ಪೈಪಿನ ಗಾಳಿ ತೆಗೆದು ಸೆಲ್ಫ್ ಹೊಡೆದರೆ ಮೂರೂ ಸಿಲಿಂಡರ್ ಒಂದೇ ತಾಳ. ಮಾವನ ಮುಖ ನೋಡಲೇಬೇಕಾಗಿತ್ತು, ನನ್ನದನ್ನೂ. ಅತ್ತಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ನಾನು ಉಣ್ಣುತ್ತ ಕುಳಿತಿದ್ದಾಗ ಮಾವ ನೀರಿಗೆ ಹೋದ. ವಾಪಸು ಬಂದದ್ದು ದಡ್ ದಡ್, ಖಾಲಿ, ದಡ್ ದಡ್.

"ನಾ ಫೋನಿನ್ಯಾಗ ಹೇಳಿದ್ನೆಲ್ಲೋ, ಕಾದ ಮ್ಯಾಲೆ ಅಂತ."

ಆಗ ತಲೆಗೆ ಹೋಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಒತ್ತಿ ಕಾಯಿಸಿದ ಗಾಳಿಯೇ ಬೆಂಕಿ. ಸಿಲಿಂಡರಿನ ಬಾಯಿ ಮುಚ್ಚುವ ವಾಲ್ವ್ ಸ್ವಲ್ಪ ಸೋರಿದರೂ ಸ್ಲೋದಲ್ಲಿ ಆ ಗಾಳಿಗೆ ಓಡಿಹೋಗಲು ಪುರಸೊತ್ತು ಇರುತ್ತದೆ. ನಿಮಿಷಕ್ಕೆ 700 ಸುತ್ತಿನಲ್ಲಿ ಒಂದು ಸಿಲಿಂಡರ್ ಉರಿಯುವುದು 350 ಸಲ ಮಾತ್ರ. ರೇಸ್ ಕೊಟ್ಟರೆ ಸೋರುವಷ್ಟು ಸಮಯವೇ ಸಿಗುವುದಿಲ್ಲ. ಇನ್ನು ಕಾದ ಮೇಲೆ ಕುಂಟುವುದೇಕೆ: ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಬಿಸಿಗೆ ಉದ್ದ ಹಿಗ್ಗುತ್ತದೆ. ಅದಕ್ಕೆಂದು ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಬಿಟ್ಟ ಟ್ಯಾಪೆಟ್ ಸಂದು ಮುಚ್ಚಿಹೋಗಿದ್ದರೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ನಾಝಲ್ ಕೆಟ್ಟಿದ್ದರೆ ತಣ್ಣಗಿದ್ದಾಗಲೇ ಹೆಚ್ಚು ಕಾಡುತ್ತಿತ್ತು.

ಬಿಸಿ ಇರುವಾಗಲೇ ಎಂಜಿನ್ ನಿಲ್ಲಿಸಿ, ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಕೈಯಿಂದ ತಿರುವಿದೆ. ಎರಡು ಕಡೆ ಗಟ್ಟಿಯಾಗಿ ತಡೆಯಿತು, ಒಂದು ಕಡೆ ಮಾತ್ರ ಹಗುರಾಗಿ ಜಾರಿತು. ಮಾವ ಸೈಲೆನ್ಸರಿನ ಕಡೆ ಕಿವಿ ಕೊಟ್ಟು ನಿಂತಿದ್ದ. "ಬುಸ್ ಅಂತೈತಿ, ಅಳ್ಯಾ." ಅಲ್ಲಿಗೆ ಸೋರುವುದು ಎಕ್ಸಾಸ್ಟ್ ವಾಲ್ವ್ ಎಂದಾಯಿತು. ಏರ್ ಕ್ಲೀನರಿನಲ್ಲಿ ಬುಸ್ ಅಂದಿದ್ದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದಿದ್ದರೆ ಪಿಸ್ಟನ್ ರಿಂಗು. ಹೊಸ ನಾಝಲ್‌ನ ಬಿಲ್ಲು ನನ್ನ ಜೇಬಿನಲ್ಲೇ ಇತ್ತು.

ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಎರಡನೆಯ ಎಕ್ಸಾಸ್ಟಿಗೆ, ಸಂದು ಅಳೆಯುವ ಫಿಲ್ಲರ್ ಗೇಜಿನ ತೀರ ತೆಳುವಾದ ಎಲೆಯೂ ಹೋಗಲಿಲ್ಲ. ಬಿಡಬೇಕಾದ ಸಂದು, ಎಂಜಿನ್ ತಣ್ಣಗಿದ್ದಾಗ, 12 ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಹನ್ನೆರಡು. ವರ್ಷಗಟ್ಟಲೆ ಬಡಿದು ಬಡಿದು ವಾಲ್ವ್ ತನ್ನ ಸೀಟಿನೊಳಗೆ ಇಳಿದಿತ್ತು. ಹಾಗೆ ಇಳಿದಷ್ಟೂ ಸಂದು ಕಡಿಮೆಯಾಗುತ್ತದೆ. ತಣ್ಣಗಾಗಲು ಸಂಜೆಯವರೆಗೆ ಕಾದೆವು. ಲಾಕ್ ನಟ್ ಸಡಿಲಿಸಿ, ಗೇಜು ತುಸು ಎಳೆತ ಕೊಟ್ಟು ಜಾರುವಂತೆ ಸ್ಕ್ರೂ ಹೊಂದಿಸಿ ಬಿಗಿದೆ. ಅರ್ಧ ತಾಸು ಓಡಿಸಿದ ಮೇಲೂ ತಾಳ ತಪ್ಪಲಿಲ್ಲ. ಅಪರೂಪಕ್ಕೊಮ್ಮೆ ಒಂದು ಎಡವು ಮಾತ್ರ ಉಳಿದಿತ್ತು. ಸೀಟು ಅಷ್ಟಿಷ್ಟು ಸುಟ್ಟಿರಬೇಕು. ವಾಲ್ವ್‌ಗಳಿರುವ ಹೆಡ್ ಇಳಿಸುವ ಕೆಲಸವನ್ನು ಮಳೆಗಾಲಕ್ಕೆ ಬಿಟ್ಟೆವು. ಗಿಡ ಒಣಗುವಾಗ ಟ್ರಾಕ್ಟರ್ ಬಿಚ್ಚಿ ಕೂರಲು ಬರುತ್ತದೆಯೇ.

ಹೊರಡುವಾಗ ಮಾವ ಕೇಳಿದ, "ಹಳೇ ನಾಝಲ್ ಎಲ್ಲೈತಿ?"

ಡಿಕ್ಕಿಯಿಂದ ತೆಗೆದುಕೊಟ್ಟೆ. ಪೇಪರ್ ಬಿಚ್ಚಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮತ್ತೆ ಸುತ್ತಿ ಅಂಗಿಯ ಕಿಸೆಗೆ ಇಟ್ಟುಕೊಂಡ.

"ಮುಂದಿನ ಗುರುವಾರ ಬಾ. ಇದನ್ನ ಹಾಕೂಣು. ಹೊಸಾದು ಅಂಗಡಿಯಾಂವ ತಿರುಗಿ ತಗೋತಾನೇನು ಕೇಳು."